ಫ್ರಿಜ್ಜಿನಲ್ಲಿ ಮಲಗಿದ್ದ ಪ್ರೊವೋಸ್ಟರು

ಮೊದಲಿಗೆ ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ಶಾಲೆಯಲ್ಲಿದ್ದಾಗಲೂ ಅದು ಹೀಗೇ ಇತ್ತು. ಗೆರೆಯ ಮೇಲೆ ನೆಟ್ಟಗೆ ಕೂರದೆ, ಚಳಿಯಲ್ಲಿ ಬಸ್ಸಿಗೆ ಕಾಯುವವರ ಹಾಗೆ ಒಂದರ ಮೈಗೊಂದು ಒರಗಿಕೊಂಡು ನಿಲ್ಲುತ್ತದೆ. ಪದಗಳೂ ನನ್ನ ಬಳಿ ಹೆಚ್ಚಿಲ್ಲ. ಹದಿನಾರು ತುಂಬಿದ ಮಾರನೆಯ ದಿನವೇ ಶಾಲೆ ಬಿಟ್ಟವಳು ನಾನು. ಆದ್ದರಿಂದ ಇದನ್ನು ಮೂರು ಸಲ ಬರೆದು, ಎರಡು ಸಲ ಹರಿದು, ಪ್ರತಿ ವಾಕ್ಯದ ಕೆಳಗೂ ಬೆರಳಿಟ್ಟು ಓದಿ ನೋಡಿದ್ದೇನೆ. ತಪ್ಪು ಕಂಡರೆ ಅದು ನನ್ನದು. ಸುಳ್ಳು ಕಂಡರೆ ಅದು ಅಜ್ಜಿ ಫೋನಿನಲ್ಲಿ ಹೇಳಿ ಸೇರಿಸಿದ್ದು.

ನನ್ನ ಹೆಸರು ಮೋರಗ್ ಟಲ್ಲಕ್. ವಯಸ್ಸು ಹದಿನೇಳು. ವಿಳಾಸ ಇಲ್ಲ.

ವಿಳಾಸ ಇಲ್ಲ ಎಂದರೆ ಗಾಬರಿಯಾಗಬೇಡಿ. ಇದು ನಾವೇ ಆರಿಸಿಕೊಂಡದ್ದು. ನೆಟ್ಟಾ ಅಜ್ಜಿ ತನ್ನ ಮನೆ ಮಾರಿ, ಒಂದು ಪುಟ್ಟ ನೀಲಿ ಕಾರಿನಲ್ಲಿ ಎರಡು ಪೆಟ್ಟಿಗೆ, ಒಂದು ಟೀ ಕೆಟಲ್ ಮತ್ತು ನನ್ನನ್ನು ತುಂಬಿಕೊಂಡು ಹೊರಟು ಒಂದು ವರ್ಷವಾಯಿತು. ಸ್ಕಾಟ್ಲೆಂಡಿನ ಜನ ರಜೆಗೆ ಹೋಗುವಾಗ ಅವರ ನಾಯಿ, ಬೆಕ್ಕು, ಕೋಳಿಗಳನ್ನು ನೋಡಿಕೊಳ್ಳಲು ಯಾರಾದರೂ ಬೇಕು. ನಾವು ಹೋಗುತ್ತೇವೆ. ಅವರ ಮನೆಯಲ್ಲಿ ಮಲಗುತ್ತೇವೆ, ಅವರ ಪ್ರಾಣಿಗಳಿಗೆ ಉಣಿಸುತ್ತೇವೆ, ಅವರು ಬಂದ ದಿನ ಕೀಲಿಕೈ ಕೊಟ್ಟು ಮುಂದಿನ ಊರಿಗೆ ಹೊರಡುತ್ತೇವೆ. ಒಂದು ವರ್ಷದಲ್ಲಿ ಹತ್ತೊಂಬತ್ತು ಮನೆ! ಒಂದು ಮನೆಯ ಕಿಟಕಿ ತೆರೆದರೆ ಸಮುದ್ರ, ಇನ್ನೊಂದರದು ತೆರೆದರೆ ಹಸುವಿನ ಮುಖ. ಇನ್ವರ್ನೆಸ್ ಕಡೆಯ ಒಂದು ಗಿಳಿ, ಸತ್ತುಹೋದ ಯಜಮಾನರ ಹಾಗೆ ಕೆಮ್ಮುತ್ತಿತ್ತು. ಪಾಪ, ಅವರ ಹೆಂಡತಿ ಇವತ್ತಿಗೂ ಅದಕ್ಕೆ ಕೆಮ್ಮಿನ ಔಷಧಿ ತೋರಿಸಿ ಸಮಾಧಾನ ಮಾಡುತ್ತಾರೆ. ಪ್ರತಿ ಹೊಸ ಬಾಗಿಲಿಗೆ ಕೀಲಿಕೈ ಹಾಕುವಾಗ ಒಳಗೆ ಏನಿದೆಯೋ ಎಂದು ಊಹಿಸುತ್ತೇನೆ. ಆ ಸುಖ ಶಾಲೆಯ ಹತ್ತು ವರ್ಷದಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.

ತೊಂದರೆ ಒಂದೇ, ಮನುಷ್ಯರು. ಪ್ರಾಣಿ ಇದ್ದಲ್ಲಿ ಅದರ ಹಿಂದೆಯೇ ಮನುಷ್ಯರೂ ಬರುತ್ತಾರೆ. ಅಜ್ಜಿ ಹಾಲಿನ ಅಂಗಡಿಯವನ ಹತ್ತಿರ ಐದೇ ನಿಮಿಷದಲ್ಲಿ ಅವನ ಮೂರು ಮದುವೆಯ ಕಥೆ ಕೇಳಿಕೊಂಡು ಬರುತ್ತಾಳೆ. ನಾನು ನಾಯಿಯ ಹಿಂದೆ ನಿಲ್ಲುತ್ತೇನೆ. (ನಾಯಿ ಚಿಕ್ಕದಿದ್ದರೆ ಬಗ್ಗಿ ನಿಲ್ಲುತ್ತೇನೆ.) ಯಾರಾದರೂ ಹೆಸರು ಕೇಳಿದರೆ ಗಾಬರಿಯಲ್ಲಿ ನಾಯಿಯ ಹೆಸರು ಹೇಳಿಬಿಡುತ್ತೇನೆ. ಒಂದು ಊರಿನಲ್ಲಿ ಎರಡು ವಾರ ಎಲ್ಲರೂ ನನ್ನನ್ನು ಬಿಸ್ಕಿಟ್ ಎಂದು ಕರೆದರು.

ಈ ಸುಖಕ್ಕೆ ಕಲ್ಲು ಬಿದ್ದದ್ದು ಜನವರಿಯಲ್ಲಿ. ಡಂಡೀಯಿಂದ ಅಮ್ಮ ಫೋನ್ ಮಾಡಿದಳು.

"ಅಜ್ಜಿ ಸೆರಗು ಹಿಡ್ಕೊಂಡು ಎಷ್ಟು ದಿನ ಅಂತ ತಿರುಗ್ತೀಯ? ನಿನ್ನ ಚಿಕ್ಕಪ್ಪನ ಕಾರ್ಪೆಟ್ ಅಂಗಡೀಲಿ ಕೌಂಟರ್‌ಗೆ ಒಬ್ಬರು ಬೇಕಂತೆ. ಏಪ್ರಿಲ್‌ನಿಂದ ಅಲ್ಲಿಗೆ ಹೋಗು."

ಕೌಂಟರ್! ದಿನಕ್ಕೆ ನಲವತ್ತು ಜನ ಬಂದು ನನ್ನ ಮುಖ ನೋಡಿ ಪ್ರಶ್ನೆ ಕೇಳುವ ಜಾಗ. ಅಜ್ಜಿ ಫೋನು ಕಸಿದುಕೊಂಡಳು.

"ಅವಳು ಕೆಲಸ ಮಾಡ್ತಿಲ್ವೇನೆ? ಕೆಲಸಾನೇ ಇದು."

"ಕೆಲಸ ಮಾಡ್ತಿರೋಳು ನೀನು, ಅವಳು ನಿನ್ನ ಲಗೇಜು. ಸರಿ, ಒಂದು ಮಾತು. ಒಂದು ಮನೆ ಅವಳು ಒಬ್ಬಳೇ ನೋಡ್ಕೊಳ್ಳಲಿ. ಆ ಮನೆಯವರ ಕೈಲಿ ಒಳ್ಳೇ ಪತ್ರ ಬರೆಸ್ಕೊಂಡು ಬರಲಿ. ತಂದ್ರೆ ಇನ್ನೊಂದು ವರ್ಷ ಊರೂರು ಅಲೀರಿ, ನಾನು ಬಾಯಿ ಬಿಡಲ್ಲ. ತರದಿದ್ರೆ ಕಾರ್ಪೆಟ್."

ಹೀಗೆ ನನ್ನ ಬದುಕು ಒಂದು ಪತ್ರದ ಮೇಲೆ ಬಂದು ನಿಂತಿತು.

ಅಜ್ಜಿ ವಾರವೆಲ್ಲ ಹುಡುಕಿ ಕೊನೆಗೆ ಒಂದು ಮನೆ ಆರಿಸಿದಳು. ಫೈಫ್ ಕರಾವಳಿಯ ಪಿಟ್‌ಲೋನಿ ಎಂಬ ಪುಟ್ಟ ಊರು. ಫೆಬ್ರವರಿ ಕೊನೆಯಿಂದ ಮೂರು ವಾರ. ಪ್ರಾಣಿ ಒಂದೇ, ಅದೂ ಆಮೆ, ಅದೂ ನಿದ್ದೆಯಲ್ಲಿರುವ ಆಮೆ.

"ನೋಡು, ಊಟ ಹಾಕೋ ಹಾಗಿಲ್ಲ, ವಾಕಿಂಗ್ ಇಲ್ಲ, ಓಡಿಹೋಗಲ್ಲ, ಕಚ್ಚಲ್ಲ" ಎಂದು ಅಜ್ಜಿ ಬೆರಳು ಮಡಿಸಿದಳು. "ಸುಮ್ನೆ ಒಂದು ಫ್ರಿಜ್ ನೋಡ್ಕೊಂಡು ಕೂತಿರೋದು. ಇದರಲ್ಲೂ ನೀನು ಫೇಲ್ ಆದ್ರೆ ನಾನೇ ಕಾರ್ಪೆಟ್ ಅಂಗಡೀಗೆ ಬಿಟ್ಟು ಬರ್ತೀನಿ."

ಫ್ರಿಜ್ ಎಂದದ್ದು ತಮಾಷೆಗಲ್ಲ. ನಮ್ಮಲ್ಲಿ ಆಮೆ ಸಾಕಿದವರು ಚಳಿಗಾಲದಲ್ಲಿ ಅದನ್ನು ತೂತುಗಳಿರುವ ಪೆಟ್ಟಿಗೆಯಲ್ಲಿ ಮಲಗಿಸಿ ಫ್ರಿಜ್ಜಿನಲ್ಲಿಡುತ್ತಾರೆ. ಹೊರಗಿನ ಹವೆ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ, ಫ್ರಿಜ್ ಮಾತ್ರ ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಅದಕ್ಕೆ.

ಮನೆಯ ಯಜಮಾನಿ ಮಿಸೆಸ್ ಡ್ರೈಸ್‌ಡೇಲ್. ಎಂಬತ್ತೆರಡು ವರ್ಷ. ಪಿಟ್‌ಲೋನಿ ಶಾಲೆಯ ನಿವೃತ್ತ ಹೆಡ್ ಮಿಸ್ಟ್ರೆಸ್. (ಅಜ್ಜಿ ಈ ಒಂದು ಸಂಗತಿಯನ್ನು ನನಗೆ ಬಾಗಿಲ ಮುಂದೆ ನಿಂತಾಗ ಹೇಳಿದಳು. ಮೊದಲೇ ಹೇಳಿದ್ದರೆ ನಾನು ಕಾರಿನಿಂದ ಇಳಿಯುತ್ತಿರಲಿಲ್ಲ.) ಅಜ್ಜಿ ನನ್ನನ್ನು ಇಳಿಸಿ, ಮೂರು ಬೇಟೆನಾಯಿಗಳನ್ನು ನೋಡಿಕೊಳ್ಳಲು ಪರ್ತ್ ಕಡೆ ಹೊರಟುಹೋದಳು. ಮಿಸೆಸ್ ಡ್ರೈಸ್‌ಡೇಲ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಹನ್ನೊಂದು ಪುಟದ ಸೂಚನೆ ಕೈಗಿತ್ತು, ಅಡುಗೆಮನೆಯ ಹಿಂದಿನ ಪಾತ್ರೆ ತೊಳೆಯುವ ಕೋಣೆಗೆ ಕರೆದೊಯ್ದರು. ಅಲ್ಲಿದ್ದ ಸಣ್ಣ ಫ್ರಿಜ್ಜಿನ ಬಾಗಿಲು ತೆರೆದು ಗಂಭೀರವಾಗಿ ಹೇಳಿದರು:

"ಇವರು ಪ್ರೊವೋಸ್ಟರು. ನನ್ನ ಮದುವೆಗೆ ಉಡುಗೊರೆಯಾಗಿ ಬಂದವರು. ಮದುವೆಯಾದವರು ಹೋದರು, ಇವರು ಉಳಿದರು."

ಪ್ರೊವೋಸ್ಟ್ ಎಂದರೆ ನಮ್ಮ ಕಡೆ ಊರಿನ ಅಧ್ಯಕ್ಷ, ಕೊರಳಿಗೆ ದಪ್ಪ ಸರಪಳಿ ಹಾಕಿಕೊಂಡು ನಿಧಾನವಾಗಿ ನಡೆಯುವವರು. ಆಮೆಗೆ ಸರಪಳಿಯೊಂದು ಬಿಟ್ಟು ಉಳಿದೆಲ್ಲ ಇತ್ತು.

"ಐದು ಡಿಗ್ರಿ. ಏಳು ದಾಟಿದರೆ ಎಚ್ಚರವಾಗ್ತಾರೆ, ಮೂರಕ್ಕಿಂತ ಇಳಿದರೆ ಜೀವಕ್ಕೇ ಅಪಾಯ. ದಿನಕ್ಕೆ ಎರಡು ಸಲ ಎರಡೆರಡು ನಿಮಿಷ ಬಾಗಿಲು ತೆರೆದು ಗಾಳಿ ಬದಲಿಸಬೇಕು. ಭಾನುವಾರ ತೂಕ. ನಾನು ಮಾರ್ಚ್ ಹದಿನೇಳಕ್ಕೆ ಬಂದು ಎಬ್ಬಿಸ್ತೀನಿ. ಅಲ್ಲಿಯವರೆಗೆ ಅವರು ಮಲಗಿರಬೇಕು. ಗೊತ್ತಾಯ್ತಾ?"

ನಾನು ತಲೆಯಾಡಿಸಿದೆ.

"ಬಾಯಿದೆ ತಾನೆ?"

"ಇದೆ, ಮಿಸ್" ಎಂದೆ. ಒಂದು ವರ್ಷದ ಸ್ವಾತಂತ್ರ್ಯ ಆ ಒಂದು 'ಮಿಸ್'ನಲ್ಲಿ ಕೊಚ್ಚಿಹೋಯಿತು. ಅವರು ಸೂಟ್‌ಕೇಸ್ ಎಳೆದುಕೊಂಡು ಕೆನಡಾದ ತಂಗಿಯ ಮನೆಗೆ ಹೊರಟರು.

ನಾನು ಕೂಡಲೇ ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿದೆ. ತಾರೀಖು, ಗಂಟೆ, ಡಿಗ್ರಿ, ಬಂದವರು, ವಿಶೇಷ. 'ವಿಶೇಷ' ಎಂಬ ಅಂಕಣ ಏಕೆಂದರೆ, ಯಾರಾದರೂ ಬಂದರೆ ಅವರು ಏನು ಮಾತಾಡಿದರು ಎಂದು ಬರೆದಿಟ್ಟುಕೊಂಡರೆ, ಮುಂದಿನ ಸಲ ನಾನು ಏನು ಹೇಳಬೇಕೆಂದು ಮೊದಲೇ ತಯಾರಾಗಬಹುದು. ಮಾತು ಬರುವವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಈಜು ಬರದವರು ಮಾತ್ರ ನೀರಿನ ಆಳ ಬರೆದಿಟ್ಟುಕೊಳ್ಳುತ್ತಾರೆ.

ಮಾರನೆಯ ಬೆಳಿಗ್ಗೆ ಬಾಗಿಲು ಬಡಿಯಿತು. ಉಣ್ಣೆಯ ಅಂಗಡಿಯ ಮಿಸ್ ಎಫಿ ಲೋರಿಮರ್. ಅರವತ್ತಾರರ ಗುಂಡುಗುಂಡಾದ ಹೆಂಗಸು. ಕೈಯಲ್ಲಿ ಬಿಸಿ ಬಿಸಿ ಕೇಕ್.

"ಪಾಪ, ಒಬ್ಬಳೇ ಇದೀಯಲ್ಲ ಪುಟ್ಟೀ, ಅಂತ ಬಂದೆ. ಹೇಗಿದೀಯ? ಚೆನ್ನಾಗಿ ನಿದ್ದೆ ಬಂತಾ? ಪ್ರೊವೋಸ್ಟರಿಗೂ ಚೆನ್ನಾಗಿ ಬಂತಾ?"

ನಾನು ಎಂದಿನಂತೆ ಗೋಡೆಗೆ ಅಂಟಿಕೊಂಡೆ. ಆದರೆ ಪ್ರಶ್ನೆ ಆಮೆಯದು! ಆಮೆಯ ವಿಷಯ ನನಗೆ ಗೊತ್ತು. "ಐದು ಡಿಗ್ರಿ. ತೂಕ ಒಂದು ಕಿಲೋ ಮುನ್ನೂರ ನಲವತ್ತು ಗ್ರಾಂ. ಎಡಗಡೆ ಮುಂಗಾಲು ಸ್ವಲ್ಪ ಆಡಿತು" ಎಂದೆ. ಒಂದೇ ಉಸಿರಿಗೆ ಮೂರು ವಾಕ್ಯ!

"ಆಡಿತಾ?" ಮಿಸ್ ಎಫಿಯ ಕಣ್ಣು ಅರಳಿತು. "ಹೌದಾ ಬಂಗಾರ? ಎಷ್ಟು ಆಡಿತು? ಹೀಗೋ, ಹೀಗೋ? ಕೂತ್ಕೊಂಡು ನಿಧಾನಕ್ಕೆ ಹೇಳು."

ನನ್ನ ಜೀವಮಾನದಲ್ಲಿ ಯಾರೂ ನನಗೆ 'ಕೂತ್ಕೊಂಡು ನಿಧಾನಕ್ಕೆ ಹೇಳು' ಎಂದಿರಲಿಲ್ಲ. ನಾನು ಕೂತೆ, ಹೇಳಿದೆ. ಅವರು ಕೊಠಡಿ ತಣ್ಣಗಿದೆ, ಮಂಡಿ ನೋಯುತ್ತದೆ ಎಂದು ಒಂದು ಸಣ್ಣ ಹೀಟರ್ ಹಚ್ಚಿ, ಫ್ರಿಜ್ಜಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಹೆಣಿಗೆ ತೆಗೆದರು. ಹೋದ ಮೇಲೆ ನೋಡಿದರೆ ಅವರ ಉಣ್ಣೆಯ ಉಂಡೆ ಫ್ರಿಜ್ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಮರೆವು, ಪಾಪ, ವಯಸ್ಸಾಯಿತು.

ಮಧ್ಯಾಹ್ನ ಮಿಸ್ಟರ್ ಆರ್ಚಿ ಗೌ ಬಂದರು. ಇವರೂ ಅರವತ್ತಾರರವರೇ. ದೋಣಿ ಬಿಟ್ಟು ನಾಲ್ಕು ವರ್ಷವಾದರೂ ಇನ್ನೂ ಅಲೆಯ ಮೇಲಿದ್ದಂತೆ ಕಾಲು ಅಗಲಿಸಿ ನಿಲ್ಲುವವರು. ಕೈಯಲ್ಲಿ ಐಸಿನ ಪೆಟ್ಟಿಗೆ, ಅದರ ಮೇಲೆ ಎರಡು ಮೀನು.

"ತಗೋ ಮರಿ, ಇವತ್ತಿನದೇ. ಟೀ ಕುಡಿಯೋವರೆಗೂ ಈ ಐಸು ಕರಗಬಾರದು. ಆ ಫ್ರಿಜ್ಜಲ್ಲಿ ಇಡ್ಲಾ?"

"ಮೂರನೇ ಪುಟದಲ್ಲಿ, ಇದರಲ್ಲಿ ತಿನ್ನುವ ಪದಾರ್ಥ ಇಡಬಾರದು ಅಂತ ಬರೆದಿದೆ, ಮಿಸ್ಟರ್ ಗೌ."

"ಮೀನು ನಿನ್ನ ಕೈಲಿದೆಯಲ್ಲೇ. ನಾನು ಇಡ್ತಿರೋದು ಐಸು. ಐಸು ಯಾರಾದ್ರೂ ತಿಂತಾರಾ?"

ನಾನು ಮೂರನೆಯ ಪುಟವನ್ನು ಮತ್ತೆ ಓದಿದೆ. ಐಸಿನ ಮಾತಿರಲಿಲ್ಲ. ಐಸು ಒಳಗೆ ಹೋಯಿತು. ಅವರು ಎರಡು ಗಂಟೆ ಟೀ ಕುಡಿದರು. ಪ್ರೊವೋಸ್ಟರ ಉಸಿರು, ತೂಕ, ಕಾಲು, ಎಲ್ಲ ಕೇಳಿದರು. ಕಾಲು ಆಡಿತು ಎಂದಾಗ ಮಾತ್ರ ಅವರ ಮುಖ ಮಿಸ್ ಎಫಿಯ ಹಾಗೆ ಅರಳಲಿಲ್ಲ, ಬಾಡಿತು. ಎಷ್ಟು ಮೃದು ಹೃದಯದವರು ಎಂದುಕೊಂಡೆ.

ಆಮೇಲೆ ಶುರುವಾಯಿತು ನೋಡಿ ಮೆರವಣಿಗೆ. ಅಂಚೆಯವಳು, ಬೇಕರಿಯವರು, ಎದುರು ಮನೆಯ ಅಣ್ಣತಮ್ಮಂದಿರು. ಒಂದು ದಿನ ಪಾದ್ರಿಗಳೇ ಕಿತ್ತಳೆ ಮಾರ್ಮಲೇಡಿನ ಡಬ್ಬಿ ಹಿಡಿದು ಬಂದು, ಹವಾಮಾನದ ಮೇಲೆ ಹತ್ತು ನಿಮಿಷ ಮಾತಾಡಿ, ಹೊರಡುವಾಗ ಬಾಗಿಲಲ್ಲಿ ತಿರುಗಿ, "ಅಂದ ಹಾಗೆ, ಅವರು ಕಣ್ಣೇನಾದ್ರೂ ಬಿಟ್ರಾ?" ಎಂದು ಕೇಳಿದರು. ನಾನು ಎಲ್ಲರಿಗೂ ಎಲ್ಲ ಹೇಳಿದೆ. ಮೊದಲ ವಾರ ಮೂರು ವಾಕ್ಯ, ಎರಡನೆಯ ವಾರ ಮೂವತ್ತು. ನನ್ನ ಮಾತಿಗೆ ಅವರು ಮುಂದೆ ಬಾಗುತ್ತಿದ್ದರು. ಒಬ್ಬರಂತೂ ಜೇಬಿನಿಂದ ಪೆನ್ಸಿಲ್ ತೆಗೆದು ಬರೆದುಕೊಂಡರು! ಅವರೂ ಸುಮ್ಮನಿರದೆ ತಮ್ಮ ಸುಖದುಃಖ, ಊರಿನ ಸಮಾಚಾರ ನನ್ನ ಮುಂದೆ ಸುರಿಯುತ್ತಿದ್ದರು. ನಾನು ಅವರು ಹೋದ ಕೂಡಲೇ ಒಂದಕ್ಷರ ಬಿಡದೆ 'ವಿಶೇಷ'ದಲ್ಲಿ ಬರೆದುಕೊಳ್ಳುತ್ತಿದ್ದೆ. ಜಾಗ ಸಾಲದೆ ಹಾಳೆ ಅಂಟಿಸಿದೆ. ನನಗೆ ಸ್ನೇಹಿತರು ಆಗಿದ್ದರು! ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಯಾರು ಬರುತ್ತಾರೋ ಎಂದು ಕಿಟಕಿಗೆ ಓಡುತ್ತಿದ್ದೆ.

ಅಜ್ಜಿಗೆ ಫೋನ್ ಮಾಡಿದೆ. "ಅಜ್ಜೀ, ಇಲ್ಲಿನ ಜನ ಚಿನ್ನ. ಎಲ್ಲರೂ ನನ್ನ ನೋಡೋಕೆ ಬರ್ತಾರೆ."

"ಬರೀ ಕೈಯಲ್ಲಿ ಬರ್ತಾರಾ?"

"ಇಲ್ಲ, ಇವತ್ತಿಗೆ ಏಳು ಕೇಕ್ ಆಯ್ತು."

ಆ ಕಡೆ ಅಜ್ಜಿ ಬೇಟೆನಾಯಿಗಳನ್ನು ಗದರಿ ಸುಮ್ಮನಿರಿಸಿದಳು. "ಮೋರಗ್, ಒಂದು ಕೇಕ್ ಅಂದ್ರೆ ಪ್ರೀತಿ. ಏಳು ಅಂದ್ರೆ ಎಲೆಕ್ಷನ್ನು. ಅವರಿಗೆ ಏನೋ ಬೇಕು, ಹುಷಾರು."

"ನಿನಗೆ ಹೊಟ್ಟೆಕಿಚ್ಚು" ಎಂದೆ. ನಾನು ಅಜ್ಜಿಗೆ ಎದುರು ಮಾತಾಡಿದ್ದು ಅದೇ ಮೊದಲು. ಇಬ್ಬರಿಗೂ ಆಶ್ಚರ್ಯವಾಗಿ ಇಬ್ಬರೂ ಫೋನ್ ಇಟ್ಟೆವು.

ಈ ಸಂತೋಷದ ನಡುವೆ ಒಂದೇ ಚಿಂತೆ, ಡಿಗ್ರಿ. ನನ್ನ ನೋಟ್‌ಬುಕ್ಕಿನಲ್ಲಿ ಅದು ಒಂದು ದಿನವೂ ನೆಟ್ಟಗೆ ನಿಲ್ಲಲಿಲ್ಲ. ಬೆಳಿಗ್ಗೆ ಐದು, ಮಧ್ಯಾಹ್ನ ಎಂಟು, ಸಂಜೆ ಮೂರೂವರೆ, ಮತ್ತೆ ಬೆಳಿಗ್ಗೆ ಐದು. ಪ್ರೊವೋಸ್ಟರ ಕಾಲು ದಿನಕ್ಕೊಮ್ಮೆ ಆಡುವುದು, ನಿಲ್ಲುವುದು. ನಾನು ಕಂಗಾಲಾದೆ. ಬುದ್ಧಿವಂತರಾದ ನೀವು ಈಗಾಗಲೇ ಕಾರಣ ಊಹಿಸಿರುತ್ತೀರಿ. ನನಗೆ ಹೊಳೆದದ್ದು ಒಂದೇ, ಫ್ರಿಜ್ ಕೆಟ್ಟಿದೆ! ರಿಪೇರಿಯವರಿಗೆ ಫೋನ್ ಮಾಡಿದರೆ ಮುಂದಿನ ವಾರ ಎಂದರು. ಮುಂದಿನ ವಾರಕ್ಕೆ ಪ್ರೊವೋಸ್ಟರೂ ಇರುವುದಿಲ್ಲ, ಪತ್ರವೂ ಇರುವುದಿಲ್ಲ, ನಾನು ಕಾರ್ಪೆಟ್ ಅಳೆಯುತ್ತಿರುತ್ತೇನೆ.

ಹನ್ನೊಂದು ಪುಟಗಳನ್ನು ಮತ್ತೆ ಮೊದಲಿನಿಂದ ಓದಿದೆ. ಒಂಬತ್ತನೆಯ ಪುಟದಲ್ಲಿ ದೇವರೇ ಬರೆಸಿದಂತೆ ಒಂದು ಸಾಲಿತ್ತು: 'ಫ್ರಿಜ್ ಕೆಟ್ಟರೆ ಊರಿನ ಸಭಾಭವನದಲ್ಲಿ ದೊಡ್ಡ ಫ್ರಿಜ್ ಇದೆ, ಅದರ ಕೆಳಗಿನ ಹಲಗೆಯಲ್ಲಿ ಪೆಟ್ಟಿಗೆಯನ್ನು ಇಡುವುದು.'

ಮಾರ್ಚ್ ಹನ್ನೆರಡನೆಯ ತಾರೀಖು ಬುಧವಾರ ಬೆಳಿಗ್ಗೆ, ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಮಗುವನ್ನು ಆಸ್ಪತ್ರೆಗೆ ಒಯ್ಯುವಂತೆ ಎದೆಗವಚಿಕೊಂಡು ಸಭಾಭವನಕ್ಕೆ ಓಡಿದೆ. ಯಾರೂ ಇರಲಿಲ್ಲ. ಕೆಳಗಿನ ಹಲಗೆಯಲ್ಲಿ, ಇತರ ಪೆಟ್ಟಿಗೆಗಳ ಪಕ್ಕ ಇಟ್ಟೆ. ಬರೀ ಇಟ್ಟು ಬರುವುದು ಸರಿಯಲ್ಲ ಎಂದು ಒಂದು ಚೀಟಿ ಅಂಟಿಸಿದೆ: 'ದಯವಿಟ್ಟು ತೆರೆಯಬೇಡಿ. ಕ್ಷಮಿಸಿ.'

ಬುಧವಾರ ಊರಿನವರೆಲ್ಲ ಅಲ್ಲಿ ಸೇರಿ ಟೀ ಕುಡಿಯುತ್ತಾರೆ ಎಂದು ನನಗೆ ಗೊತ್ತಿತ್ತು. ಮಿಸ್ ಎಫಿ ಕರೆದೂ ಇದ್ದರು. ಫ್ರಿಜ್ಜಿನಲ್ಲಿದ್ದ ಇತರ ಪೆಟ್ಟಿಗೆಗಳು ಆ ಟೀಗೆ ಬಂದ ಕೇಕುಗಳು ಎಂಬುದು ಮಾತ್ರ ಹೊಳೆಯಲಿಲ್ಲ.

ಮೂರು ಗಂಟೆಗೆ ನಾನು ತಲೆ ಬಾಚಿಕೊಂಡು ಹೋದೆ. ಸಭಾಭವನ ತುಂಬಿತ್ತು. ಹೀಟರು ಉರಿಯುತ್ತಿತ್ತು. ಉದ್ದ ಮೇಜಿನ ಮೇಲೆ ಸೌತೆಕಾಯಿ ಸ್ಯಾಂಡ್‌ವಿಚ್ಚು, ಜಾಮು, ನಡುವೆ ಒಂದು ದೊಡ್ಡ ಬೆಳ್ಳಿಯ ಬೋಗುಣಿ, ಅದರ ಸುತ್ತ ಕೇಕಿನ ಪೆಟ್ಟಿಗೆಗಳು. ಹೀಟರಿನ ಪಕ್ಕದಲ್ಲಿ ನನ್ನ ಪೆಟ್ಟಿಗೆ! ಮಧ್ಯಾಹ್ನ ಒಂದು ಗಂಟೆಗೇ ಎಲ್ಲ ಪೆಟ್ಟಿಗೆಗಳನ್ನೂ ಹೊರಗೆ ತೆಗೆದಿಟ್ಟಿದ್ದರಂತೆ. ನನ್ನ ಗಂಟಲಿನಿಂದ ಒಂದು ಸ್ವರ ಹೊರಟಿತು. ಅದು ಮಾತಾಗುವ ಮೊದಲೇ ಮಿಸ್ ಎಫಿ ಚೀಟಿ ಓದಿದರು.

"'ತೆರೆಯಬೇಡಿ' ಅಂತೆ! ಯಾರದ್ದಪ್ಪಾ ಇದು, ಸರ್‌ಪ್ರೈಸು?" ಎಂದು ಕೇಕಿನ ಚಾಕು ಹಿಡಿದೇ ಮುಚ್ಚಳ ತೆಗೆದರು.

ಒಳಗಿನಿಂದ ಪ್ರೊವೋಸ್ಟರು ತಲೆ ಎತ್ತಿ ಚಾಕುವನ್ನೂ ಮಿಸ್ ಎಫಿಯನ್ನೂ ನೋಡಿದರು.

ಮಿಸ್ ಎಫಿಯ ಕಿರುಚಾಟ ಬಂದರಿನವರೆಗೂ ಕೇಳಿಸಿತಂತೆ. ನಾನು ಮಾತ್ರ, ಆಶ್ಚರ್ಯವೆಂದರೆ, ಶಾಂತವಾಗಿಬಿಟ್ಟೆ. ಏಳನೆಯ ಪುಟ ಕಣ್ಣಮುಂದೆ ಬಂತು: 'ಎಚ್ಚರವಾದ ತಕ್ಷಣ ಗಲ್ಲದವರೆಗೆ ಮುಳುಗುವಂತೆ ಉಗುರುಬೆಚ್ಚನೆಯ ನೀರಿನ ಸ್ನಾನ.' ಸುತ್ತ ನೋಡಿದೆ. ಬೆಳ್ಳಿಯ ಬೋಗುಣಿ ಸಿಕ್ಕಿತು. ಟೀ ಕೆಟಲಿನ ನೀರಿಗೆ ನಲ್ಲಿ ನೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಪ್ರೊವೋಸ್ಟರನ್ನು ಅದರಲ್ಲಿಳಿಸಿದೆ. ಸಭೆಯೆಲ್ಲ "ಹಾ!" ಎಂದಿತು. ಹತ್ತು ನಿಮಿಷವಾದ ಮೇಲೆ ಎತ್ತಿ, ಒರೆಸಿ, ಮೇಜಿನ ಮೇಲೆ ಬಿಟ್ಟೆ. ಅವರು ಅಧ್ಯಕ್ಷರ ನಡಿಗೆಯಲ್ಲಿ ಮಿಸ್ಟರ್ ಗೌ ಅವರ ತಟ್ಟೆಯವರೆಗೆ ಹೋಗಿ, ಸ್ಯಾಂಡ್‌ವಿಚ್ಚಿನಿಂದ ಇಣುಕುತ್ತಿದ್ದ ಸೌತೆಕಾಯಿಯನ್ನು ಕರುಂ ಎಂದು ಕಚ್ಚಿದರು.

ಎಲ್ಲರ ಟೀ ಕಪ್ಪುಗಳೂ ಮೇಜಿಗಿಳಿದವು.

"ಹನ್ನೆರಡು" ಎಂದರು ಪಾದ್ರಿಗಳು, ತೀರಿಹೋದವರ ಹೆಸರು ಓದುವ ದನಿಯಲ್ಲಿ.

ಎಲ್ಲರೂ ಗೋಡೆಯ ಕಡೆ ತಿರುಗಿದರು, ನಾನೂ ತಿರುಗಿದೆ. ಅಲ್ಲೊಂದು ದೊಡ್ಡ ಹಾಳೆ. ಮೇಲೆ 'ಪ್ರೊವೋಸ್ಟರ ಮೊದಲ ತುತ್ತು: ಈ ವರ್ಷದ ಊಹೆಗಳು'. ಕೆಳಗೆ ಹೆಸರುಗಳು, ಎದುರಿಗೆ ತಾರೀಖುಗಳು. ಎಫಿ ಲೋರಿಮರ್, ಮಾರ್ಚ್ ಎಂಟು. ಆರ್ಚಿ ಗೌ, ಮಾರ್ಚ್ ಹದಿನಾರು. ಅಂಚೆಯವಳು, ಬೇಕರಿಯವರು, ಪಾದ್ರಿಗಳು, ಎದುರು ಮನೆಯ ಅಣ್ಣತಮ್ಮಂದಿರು. ನನ್ನ ಸ್ನೇಹಿತರೆಲ್ಲ ಸಾಲಾಗಿ ನಿಂತಿದ್ದರು. ಪ್ರತಿ ವರ್ಷ ಆಮೆ ಎದ್ದು ಮೊದಲ ತುತ್ತು ತಿನ್ನುವ ದಿನಕ್ಕೆ ಎಲ್ಲರಿಗಿಂತ ಹತ್ತಿರದ ತಾರೀಖು ಊಹಿಸಿದವರಿಗೆ ಆ ಬೆಳ್ಳಿಯ ಬೋಗುಣಿ. ವರ್ಷವಿಡೀ ಅವರ ಕಿಟಕಿಯಲ್ಲಿ, ಬೀದಿಗೆ ಕಾಣುವಂತೆ. ಮಿಸೆಸ್ ಡ್ರೈಸ್‌ಡೇಲ್ ಯಾರಿಗೂ ಒಂದು ಮಾತೂ ಬಿಡುವವರಲ್ಲ. ಈ ವರ್ಷ ಅವರು ಊರಲ್ಲಿಲ್ಲ, ನಾನಿದ್ದೆ.

ನನ್ನ ಮುಖ ಏನಾಯಿತೋ ಕಾಣೆ. ಆದರೆ ನೋಡುವವರಿರಲಿಲ್ಲ, ಉಳಿದವರ ತಾರೀಖುಗಳೆಲ್ಲ ಇನ್ನೂ ದೂರ, ಹನ್ನೆರಡು ಎಂಟಕ್ಕೂ ಹದಿನಾರಕ್ಕೂ ಸರಿಯಾಗಿ ನಡುವೆ ಬಂದಿತ್ತಲ್ಲ!

"ಎಂಟಕ್ಕೇ ಏಳ್ತಿದ್ರು! ನೀನು ಐಸು ತಂದು ಸುರೀದಿದ್ರೆ!" ಮಿಸ್ ಎಫಿ ಚಾಕು ಝಳಪಿಸಿದರು.

"ನನ್ನ ಐಸಾ? ಹೀಟರ್ ಹಚ್ಕೊಂಡು ಫ್ರಿಜ್ ಬಾಗಿಲಿಗೆ ಉಣ್ಣೆ ಉಂಡೆ ಸಿಕ್ಕಿಸಿದ್ಯಾರೇ ಮಾರಾಯ್ತಿ?"

"ಅದು ನನ್ನ ಮಂಡಿಗೆ!"

"ನಿನ್ನ ಮಂಡಿ ಫ್ರಿಜ್ಜಲ್ಲಿತ್ತಾ?"

ನಾನು ಪ್ರೊವೋಸ್ಟರನ್ನು ಎತ್ತಿಕೊಂಡು ಮನೆಗೆ ಬಂದೆ. ಮಾರನೆಯ ದಿನ ಯಾರೂ ಬರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಇನ್ನು ತಿಳಿದುಕೊಳ್ಳಲು ಏನೂ ಉಳಿದಿರಲಿಲ್ಲವಲ್ಲ. 'ಬಂದವರು' ಎಂಬ ಅಂಕಣದಲ್ಲಿ ಎಳೆದ ಅಡ್ಡಗೆರೆ ನೋಡಿ ನನಗೆ ಸ್ವಲ್ಪ ಅಳು ಬಂತು. ಎರಡು ಗಂಟೆಗೆ ಬಾಗಿಲು ಬಡಿಯಿತು. ಮಿಸ್ ಎಫಿ. ಕೈಯಲ್ಲಿ ಏನೂ ಇರಲಿಲ್ಲ. ಒಳಗೆ ಬಂದು ಕೂತು, ಆಮೆಯ ಸುದ್ದಿಯನ್ನೇ ಎತ್ತದೆ, ಎರಡು ಗಂಟೆ ಸುಮ್ಮನೆ ಹರಟಿದರು. ಹೋಗುವಾಗ, "ನಾಳೇನೂ ಬರ್ತೀನೇ ಪುಟ್ಟಿ, ನಿನ್ನ ಮಾತು ಕೇಳೋಕೆ ಚೆನ್ನಾಗಿರುತ್ತೆ" ಎಂದರು. ಅಡ್ಡಗೆರೆಯನ್ನು ರಬ್ಬರಿನಿಂದ ಉಜ್ಜಿದೆ.

ಹದಿನೇಳಕ್ಕೆ ಮಿಸೆಸ್ ಡ್ರೈಸ್‌ಡೇಲ್ ಬಂದರು. ತೋಟದಲ್ಲಿ ಹುಲ್ಲು ಮೇಯುತ್ತಿದ್ದ ಪ್ರೊವೋಸ್ಟರನ್ನು ನೋಡಿದರು, ನನ್ನನ್ನು ನೋಡಿದರು. ನಾನು ನೋಟ್‌ಬುಕ್ ಮುಂದೆ ಹಿಡಿದೆ. ಡಿಗ್ರಿಯ ಅಂಕಣದ ಮೇಲೆ ಬೆರಳಾಡಿಸುತ್ತಾ ಹೋದವರು ಅರ್ಧದಲ್ಲೇ ನಿಂತು, "ಓಹೋ" ಎಂದರು. ಸಂಜೆಯೇ ಸಭಾಭವನದಲ್ಲಿ ಊರನ್ನು ಸೇರಿಸಿದರು.

ಮಿಸ್ ಎಫಿ, ಮಿಸ್ಟರ್ ಗೌ ಇಬ್ಬರೂ ಅವರ ಮೊಟ್ಟಮೊದಲ ತರಗತಿಯ ಮಕ್ಕಳಾಗಿದ್ದರಂತೆ. ಹೇಳದೆಯೇ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು.

"ಬೋಗುಣಿ ಯಾರಿಗೆ ಅನ್ನೋದನ್ನು ಈ ಹುಡುಗಿಯ ನೋಟ್‌ಬುಕ್ ಹೇಳುತ್ತೆ" ಎಂದರು ಮಿಸೆಸ್ ಡ್ರೈಸ್‌ಡೇಲ್. "ಮೋರಗ್, ಓದು. ಜೋರಾಗಿ, ಹಿಂದಿನ ಬೆಂಚಿಗೆ ಕೇಳಬೇಕು. ಒಂದಕ್ಷರ ಬಿಡಬಾರದು."

ನಾನು ಬಾಗಿಲ ಕಡೆ ನೋಡಿದೆ. ಆದರೆ ಪತ್ರ ಬೇಕಿತ್ತು. ಹೇಳಿದ್ದನ್ನು ಹೇಳಿದಂತೆ ಮಾಡಿದರೆ ಪತ್ರ ಸಿಗುತ್ತದೆ. ಒಂದಕ್ಷರ ಬಿಡಬಾರದು ಎಂದರೆ ಒಂದಕ್ಷರ ಬಿಡಬಾರದು. ಓದಿದೆ.

"ಫೆಬ್ರವರಿ ಇಪ್ಪತ್ತೈದು. ಹನ್ನೊಂದು ಗಂಟೆ, ಐದು ಡಿಗ್ರಿ. ಮಿಸ್ ಎಫಿ ಬಂದರು. ಹನ್ನೆರಡೂವರೆ, ಎಂಟು ಡಿಗ್ರಿ. ವಿಶೇಷ: ಆರ್ಚಿ ಗೌ ಅವರು ತಲೆಗೆ ಬಣ್ಣ ಹಚ್ಚುತ್ತಾರೆ, ಬೂಟಿನ ಪಾಲಿಶ್ ಇರಬೇಕು, ಮಳೆ ಬಂದರೆ ಕಿವಿಯ ಹತ್ತಿರ ಇಳಿಯುತ್ತದೆ."

ಎಲ್ಲರೂ ಮಿಸ್ಟರ್ ಗೌ ಅವರ ಕಿವಿಯ ಹತ್ತಿರ ನೋಡಿದರು.

"ಎರಡು ಗಂಟೆ. ಮಿಸ್ಟರ್ ಗೌ ಬಂದರು. ನಾಲ್ಕು ಗಂಟೆ, ಮೂರೂವರೆ ಡಿಗ್ರಿ. ವಿಶೇಷ: ಎಫಿ ಹೆಣೆದುಕೊಟ್ಟ ಸ್ವೆಟರನ್ನು ಕಾರಿನ ಇಂಜಿನ್ ಒರೆಸಲು ಇಟ್ಟುಕೊಂಡಿದ್ದೇನೆ, ತುಂಬಾ ಚೆನ್ನಾಗಿ ಒರೆಸುತ್ತದೆ."

"ಆರ್ಚೀ!" ಎಂದರು ಮಿಸ್ ಎಫಿ.

"ಫೆಬ್ರವರಿ ಇಪ್ಪತ್ತಾರು. ಪಾದ್ರಿಗಳು ಬಂದರು. ಐದು ಡಿಗ್ರಿ. ವಿಶೇಷ: ನಮ್ಮ ಗಾ... ಗಾಯಕವೃಂದ ಹಾಡುವಾಗ ನಾನು ಕಣ್ಣು ಮುಚ್ಚುವುದು ಭಕ್ತಿಯಿಂದಲ್ಲ."

ಗಾಯಕವೃಂದ ಎರಡನೆಯ ಸಾಲಿನಲ್ಲಿತ್ತು. ಇಷ್ಟರಲ್ಲಿ ಜನ ಕೈಯಾಡಿಸಿ 'ಸಾಕು, ಸಾಕು' ಎನ್ನತೊಡಗಿದ್ದರು. ಆದರೆ ಮಿಸೆಸ್ ಡ್ರೈಸ್‌ಡೇಲ್ ಬಿಡಲಿಲ್ಲ. (ಅವರ ಭುಜ ಕುಲುಕುತ್ತಿತ್ತು. ಕೆಮ್ಮು ಎಂದುಕೊಂಡೆ.) ನಾನೂ ಬಿಡಲಿಲ್ಲ. ಓದುತ್ತಾ ಓದುತ್ತಾ ನನಗೆ ಒಂದು ವಿಚಿತ್ರ ಹುರುಪು ಬಂತು. ಹಿಂದಿನ ಬೆಂಚಿನವರು ಹೊಟ್ಟೆ ಹಿಡಿದು ನಗುತ್ತಿದ್ದರು, ನಗುವಿಗೆ ನಿಲ್ಲಿಸಬೇಕೆಂದು ಗೊತ್ತಾಯಿತು, ನಿಲ್ಲಿಸಿದೆ, ಮತ್ತೆ ಓದಿದೆ. ಬೇಕರಿಯವರು ಹಾಕದ ಬೆಣ್ಣೆ, ಅಂಚೆಯವಳು ಓದಿದ ಪೋಸ್ಟ್‌ಕಾರ್ಡು, ಅಂಟಿಸಿದ ಹಾಳೆಗಳನ್ನೂ ಸೇರಿಸಿ ಮುಕ್ಕಾಲು ಗಂಟೆ! ಪಿಟ್‌ಲೋನಿಯಲ್ಲಿ ಅವತ್ತು ಒಬ್ಬರ ಗುಟ್ಟೂ ಮನೆಗೆ ವಾಪಸು ಹೋಗಲಿಲ್ಲ.

ಬೋಗುಣಿಯ ತೀರ್ಪು ಬೇಗ ಆಯಿತು. ಡಿಗ್ರಿ ಕೆಡಿಸಿದ್ದಕ್ಕೆ ಎಫಿ, ಆರ್ಚಿ ಇಬ್ಬರೂ ಆಟದಿಂದ ಹೊರಗೆ, ನನ್ನಿಂದ ಸುದ್ದಿ ಕದ್ದದ್ದಕ್ಕೆ ಉಳಿದವರೂ ಹೊರಗೆ. ಈ ವರ್ಷ ಬೋಗುಣಿ ಪ್ರೊವೋಸ್ಟರ ಸ್ನಾನಕ್ಕೆ.

ಮನೆಗೆ ಬಂದು ಮಿಸೆಸ್ ಡ್ರೈಸ್‌ಡೇಲ್ ಮೇಜಿಗೆ ಕೂತು ಪತ್ರ ಬರೆದರು. ನಾನು ಅದನ್ನು ತೆಗೆದುಕೊಂಡು ಓದಿದೆ.

'ಮೋರಗ್ ಟಲ್ಲಕ್ ಮೂರು ವಾರ ನನ್ನ ಮನೆ ನೋಡಿಕೊಂಡಳು. ಯಾವ ಪ್ರಾಣಿಯನ್ನಾದರೂ ಕಣ್ಣುಮುಚ್ಚಿ ಇವಳ ಕೈಗೊಪ್ಪಿಸಬಹುದು. ಹೇಳಿದ್ದನ್ನು ಹೇಳಿದಂತೆ ಮಾಡುತ್ತಾಳೆ. ಹೇಳುವವರು ಯೋಚಿಸಿ ಹೇಳಬೇಕು. ದೋಷ ಒಂದೇ. ಇವಳು ವಿಪರೀತ ಮಾತುಗಾರ್ತಿ.'

ಶಾಲೆಯ ಹತ್ತು ವರ್ಷದ ರಿಪೋರ್ಟುಗಳಲ್ಲೂ 'ಬಾಯಿ ತೆರೆಯುವುದಿಲ್ಲ' ಎಂದೇ ಬರೆದಿರುತ್ತಿತ್ತು. ಆ ಹತ್ತೂ ಅಮ್ಮನ ಬೀರುವಿನಲ್ಲಿವೆ. ಪತ್ರವನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಇದು ಯಾರ ಪತ್ರಾನೇ?" ಎಂದಳು ಅಮ್ಮ.

"ನನ್ನದೇ ಅಮ್ಮ."

"ಹುಡುಗಾಟ ಬೇಡ. ಅಜ್ಜಿ ಬರೆದ್ಲಾ?"

ಮಿಸೆಸ್ ಡ್ರೈಸ್‌ಡೇಲ್ ನನ್ನ ಕೈಯಿಂದ ಫೋನು ತೆಗೆದುಕೊಂಡು, ಮುಕ್ಕಾಲು ಗಂಟೆಯ ಓದನ್ನು ಹದಿನೈದು ನಿಮಿಷದಲ್ಲಿ ವರ್ಣಿಸಿದರು. ಅಮ್ಮ ಮೊದಲು ನಕ್ಕಳಂತೆ, ಆಮೇಲೆ ಅತ್ತಳಂತೆ. ಇನ್ನೊಂದು ವರ್ಷ ನನ್ನದು! ನಾನು ತೋಟಕ್ಕೆ ಓಡಿಹೋಗಿ ಪ್ರೊವೋಸ್ಟರ ತಲೆಗೆ ಮುತ್ತು ಕೊಟ್ಟೆ. ಅವರು ತಲೆ ಒಳಗೆಳೆದುಕೊಂಡರು.

ಒಂದು ಗಂಟೆಯ ನಂತರ ಅಮ್ಮನ ಫೋನ್ ಮತ್ತೆ ಬಂತು. ಸಂತೋಷ ತಡೆಯಲಾರದೆ ಅವಳು ಪತ್ರದ ಸಂಗತಿಯನ್ನು ಚಿಕ್ಕಪ್ಪನಿಗೆ ಹೇಳಿಬಿಟ್ಟಿದ್ದಳು.

"ಮೋರಗ್, ನಿನ್ನ ಚಿಕ್ಕಪ್ಪ ಕುಣೀತಿದಾನೆ ಕಣೇ. ಇಷ್ಟು ದಿನ ನನ್ನ ಮುಖ ನೋಡಿ ಒಪ್ಪಿದ್ನಂತೆ. ಈಗ, ಮುಕ್ಕಾಲು ಗಂಟೆ ಒಂದು ಊರನ್ನೇ ಹಿಡಿದು ಕೂರಿಸೋ ಹುಡುಗಿ ಬೇರೆ ಯಾರಿದಾರೆ, ಕೌಂಟರ್‌ಗೆ ಅವಳೇ ಬೇಕು, ಒಂದನೇ ತಾರೀಖಿಗೆ ಕಳಿಸ್ಲೇಬೇಕು ಅಂತ ಹಠ ಹಿಡಿದಿದಾನೆ. ಬೋರ್ಡಲ್ಲಿ ನಿನ್ನ ಹೆಸರು ಬರೆಸ್ತಾನಂತೆ!"

"ಅಮ್ಮಾ! ನೀನು ಮಾತು ಕೊಟ್ಟಿದ್ದೆ!"

"ಕೊಟ್ಟಿದ್ದೆ, ಅದಕ್ಕೇ ಕಳಿಸಲ್ಲ ಅಂತ ಹೇಳ್ದೆ. ಅವನು ಕೇಳ್ತಿಲ್ಲ. ನಿನಗೆ ಈಗ ಮಾತು ಬರುತ್ತಲ್ಲ, ನೀನೇ ಫೋನ್ ಮಾಡಿ ಬರಲ್ಲ ಅಂತ ಹೇಳು."

ಬರುವುದಿಲ್ಲ ಎಂದು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಏನು ಹೇಳಬೇಕೆಂದು ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದು, ಒಂದು ಪುಟ ಹೊಡೆದುಹಾಕಿದ್ದೇನೆ. ನಾಳೆ ಬೆಳಿಗ್ಗೆ ಎಂಟೂವರೆಗೆ ಚಿಕ್ಕಪ್ಪನಿಗೆ ಫೋನ್ ಮಾಡುತ್ತೇನೆ. ಒಂಬತ್ತು ಗಂಟೆಗೆ ಅಜ್ಜಿ ಕಾರು ತರುತ್ತಾಳೆ. ನಾವು ಓಬನ್‌ಗೆ ಹೋಗುತ್ತೇವೆ. ಅಲ್ಲಿ ಎರಡು ಮೇಕೆಗಳೂ ಒಂದು ಕುರುಡು ಬೆಕ್ಕೂ ಇವೆ.